ಡ್ರಮ್ಮಿನವನ ಸಾಕ್ಷಿ

ನನ್ನ ಗಂಡ ಮಹಾ ಕುಡುಕ, ಕುಡಿದು ಬಂದು ನನ್ನನ್ನು ಹೊಡೆಯುತ್ತಾನೆ ಎಂಬ ಸಂಗತಿ ನನಗೆ ಮೊದಲು ಗೊತ್ತಾದದ್ದು ಬೈಕುಲ್ಲಾದ ಒಂದು ಶಾಲೆಯ ಮೈದಾನದಲ್ಲಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಮೈಕಿನಲ್ಲಿ ಕೇಳಿ. ಹೇಳಿದವನು ನಾನೇ ಹೆತ್ತ ಮಗ. ನನ್ನ ಗಂಡ ಸತ್ಯಮೂರ್ತಿಯವರು ಪಕ್ಕದಲ್ಲೇ ಕೂತಿದ್ದರು. ಅವರಿಗೂ ಅದು ಹೊಸ ಸುದ್ದಿಯೇ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಈ ಮನುಷ್ಯ ಎಂಥವರು ಎಂದು ಮೊದಲು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಹುಟ್ಟಿ, ಬೊಂಬಾಯಿಗೆ ಬಂದು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಹಿಡಿದು, ಸಾಂತಾಕ್ರೂಜಿನ ಹೌಸಿಂಗ್ ಸೊಸೈಟಿಯಲ್ಲಿ ಮನೆ ಮಾಡಿದವರು. ಕೆಮ್ಮಿನ ಔಷಧಿಯಲ್ಲಿ ಆಲ್ಕೋಹಾಲ್ ಇರುತ್ತದೆ ಎಂದು ಯಾರೋ ಹೇಳಿದಂದಿನಿಂದ, ಎಂಥ ಕೆಮ್ಮು ಬಂದರೂ ಅವರಿಗೆ ಶುಂಠಿ ಕಷಾಯವೇ ಗತಿ. ಕೈ ಎತ್ತುವುದು ಹಾಗಿರಲಿ, ದನಿ ಎತ್ತಿದ್ದನ್ನೂ ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ದನಿಯ ಖಾತೆ ನನ್ನದು.

ಮಗ ಜಯಸಿಂಹ ಹಾಗಲ್ಲ, ಮೊದಲಿನಿಂದಲೂ ಗದ್ದಲದವನು. ಮೃದಂಗಕ್ಕೆ ಕೂರಿಸಿದರೆ ಕಾಲು ಜೋಮು ಹಿಡಿಯುತ್ತದೆ ಎಂದು ಎದ್ದು ಓಡಿದವನು, ಕಾಲೇಜಿಗೆ ಹೋದ ಮೇಲೆ ಎರಡು ಕೈ ಎರಡು ಕಾಲು ಸೇರಿಸಿ ಡ್ರಮ್ ಬಾರಿಸುವುದನ್ನು ಕಲಿತ. ಕಲಿಸಿದವನು ಗ್ಲಾಡ್ವಿನ್, ಮಂಗಳೂರು ಕಡೆಯ ಕ್ರೈಸ್ತರ ಹುಡುಗ, ಮನೆ ಬೈಕುಲ್ಲಾದಲ್ಲಿ. ಇಬ್ಬರೂ ಇನ್ನಿಬ್ಬರನ್ನು ಸೇರಿಸಿಕೊಂಡು ಒಂದು ವಾದ್ಯಗೋಷ್ಠಿ ಕಟ್ಟಿದರು. ಅದರ ಹೆಸರು ರೆಡ್ ಸೀ ಲೋಕಲ್. ಇದೆಂಥ ಹೆಸರಪ್ಪ ಎಂದು ಕೇಳಿದ್ದಕ್ಕೆ ಗ್ಲಾಡ್ವಿನ್ ಹೇಳಿದ್ದು ನೆನಪಿದೆ: "ಮೋಶೆಗೆ ಕೆಂಪು ಸಮುದ್ರ ಸೀಳಿ ದಾರಿ ಕೊಟ್ಟಿತಲ್ಲ ಆಂಟಿ? ದಾದರ್ ಸ್ಟೇಷನ್‌ನಲ್ಲಿ ನಮಗೂ ಹಾಗೆ ಯಾರಾದ್ರೂ ದಾರಿ ಕೊಡ್ಬೇಕಲ್ಲ ಮಾರಾಯ್ರೆ."

ಹಾಡೆಲ್ಲ ಏಸುವಿನ ಮೇಲೆ. ಆದರೆ ಕೇಳಿದರೆ ಏಸುವೇ ಕಿವಿ ಮುಚ್ಚಿಕೊಳ್ಳಬೇಕು, ಹಾಗಿತ್ತು ಅಬ್ಬರ. ಮೊದಲು ಇಗರ್ಜಿಯ ಹಾಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದರು. ಪಾದ್ರಿಗಳು ಒಂದು ಭಾನುವಾರ ಸಹಿಸಿ ಮರು ಭಾನುವಾರ ಹೊರಗಟ್ಟಿದರು. ಆಮೇಲೆ ಕಾಲೇಜುಗಳ ಹಬ್ಬ, ಮದುವೆ ಮನೆ. ಗ್ಲಾಡ್ವಿನ್ನನ ಅಣ್ಣ ಕುವೈತಿನಿಂದ ಯಾವುದೋ ಕ್ಯಾಸೆಟ್ ತಂದ ಮೇಲೆ ರ‍್ಯಾಪ್ ಎಂಬುದು ಶುರುವಾಯಿತು. ಲೋಕಲ್‌ನಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿಗೆ ಜಗಳವಾಡುವವರ ಹಾಗೆ ಗ್ಲಾಡ್ವಿನ್ ಒಂದೇ ಉಸಿರಿಗೆ ಮಾತಾಡುತ್ತ ಹೋಗುತ್ತಿದ್ದ, ಹಿಂದೆ ನನ್ನ ಮಗ ಬಡಿಯುತ್ತಿದ್ದ. ಅದೇ ಅವರ ಅದೃಷ್ಟದ ಬಾಗಿಲು ತೆರೆಯಿತು. ಒಂದು ಪ್ರಾರ್ಥನಾ ಕೂಟದವರು ಅವರನ್ನು ಕೈಹಿಡಿದರು. ಪುಣೆ, ಗೋವಾ ಎಂದು ಓಡಾಟ ಹೆಚ್ಚಿತು. ಮಗ ಮತಾಂತರ ಆಗಿಬಿಟ್ಟಾನೆಂದು ಸೊಸೈಟಿಯವರು ಹೆದರಿಸಿದರು. ನನಗೆ ಆ ಭಯ ಇರಲಿಲ್ಲ. ಅವನು ಹೋಗುತ್ತಿದ್ದದ್ದು ಡ್ರಮ್ಮಿನ ಹಿಂದೆ ಎಂದು ನನಗೆ ಗೊತ್ತಿತ್ತು.

ಒಂದು ದಿನ ಅವನಿಲ್ಲದಾಗ ಗ್ಲಾಡ್ವಿನ್ ಮನೆಗೆ ಬಂದು ಎರಡು ಪಾಸು ಕೊಟ್ಟ. "ನೀವಿಬ್ರೂ ಬರ್ಲೇಬೇಕು ಆಂಟಿ. ಜಯನಿಗೆ ಹೇಳ್ಬೇಡಿ, ಸರ್‌ಪ್ರೈಸ್," ಎಂದ. ಆವತ್ತು ಅವನು ನಮ್ಮವರನ್ನು ಏನೋ ಕನಿಕರದಿಂದ ನೋಡುತ್ತಿದ್ದ. ಲೋಟದಲ್ಲಿ ಮಜ್ಜಿಗೆ ಕೊಟ್ಟರೆ ಮೂಸಿ ನೋಡಿ ಕುಡಿದ. ಹುಳಿಯಾಗಿದೆಯೇನೋ ಎಂದುಕೊಂಡೆ ನಾನು ಪೆದ್ದಿ.

ಅವರಲ್ಲಿ ಒಂದು ಪದ್ಧತಿ. ಎರಡು ಮೂರು ಹಾಡಾದ ಮೇಲೆ ಗುಂಪಿನ ಒಬ್ಬ ಮುಂದೆ ಬಂದು, ತಾನು ಎಂಥ ಕೆಸರಿನಲ್ಲಿ ಬಿದ್ದಿದ್ದೆ, ದೇವರು ಹೇಗೆ ಎತ್ತಿದ ಎಂದು ಹೇಳಬೇಕು. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಗ್ಲಾಡ್ವಿನ್ ಬ್ರೌನ್ ಶುಗರ್ ಎಂಬ ಮಾದಕದ ಚಟದಿಂದ ಎದ್ದು ಬಂದವನಂತೆ. ಅವನ ಮಾತು ಕೇಳಿ ನನಗೇ ಕಣ್ಣು ತುಂಬಿತು. ಆಮೇಲೆ ಜಯಸಿಂಹ ಎದ್ದು ಬಂದ. ದೀಪಗಳೆಲ್ಲ ಅವನ ಮುಖಕ್ಕೇ ಹೊಡೆಯುತ್ತಿದ್ದವು, ನಾವು ಅವನಿಗೆ ಕಾಣುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದ. ನನ್ನ ಅಪ್ಪ ಕುಡಿಯುತ್ತಾನೆ. ಅಮ್ಮನ ಕೂದಲು ಹಿಡಿದು ಎಳೆಯುತ್ತಾನೆ. ನಾನು ಮಂಚದ ಕೆಳಗೆ ಅವಿತುಕೊಂಡು ಪಾತ್ರೆ ಬಾರಿಸುತ್ತಿದ್ದೆ, ಅವಳ ಅಳು ಕೇಳದಿರಲಿ ಎಂದು. ಹಾಗೆ ನಾನು ಡ್ರಮ್ ಕಲಿತೆ.

ನಮ್ಮ ಮನೆಯ ಮಂಚದ ಕೆಳಗೆ ಅಕ್ಕಿ ಡಬ್ಬ, ಟ್ರಂಕು ಬಿಟ್ಟರೆ ಬೆಕ್ಕಿಗೂ ಜಾಗವಿಲ್ಲ!

ಅಷ್ಟರಲ್ಲಿ ಗ್ಲಾಡ್ವಿನ್ ಮೈಕು ಕಸಿದುಕೊಂಡು ಕೂಗಿದ. ಜಯನ ತಂದೆ ತಾಯಿ ಇಲ್ಲೇ ಇದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ, ಬನ್ನಿ ಅಂಕಲ್ ಎಂದ. ಪಾಪ, ಅವನು ಅದನ್ನೆಲ್ಲ ನಿಜವೆಂದೇ ನಂಬಿದ್ದ. ಜಯಸಿಂಹನ ಮುಖ ಸುಣ್ಣವಾಯಿತು. ನಮ್ಮವರು ಎದ್ದರು. ಸರಿ, ಈಗ ಎಲ್ಲ ನೇರವಾಗುತ್ತದೆ ಎಂದು ನಾನು ಸೆರಗು ಸರಿಮಾಡಿಕೊಂಡು ಕೂತೆ. ಅವರು ಮೆಟ್ಟಿಲು ಹತ್ತಿ, ಮಗನ ಮುಖ ನೋಡಿ, ಕನ್ನಡಕ ಒರೆಸಿಕೊಂಡು, ಆಫೀಸಿನ ಇಂಗ್ಲಿಷಿನಲ್ಲಿ ಹೇಳಿದರು: "ನನ್ನ ಮಗ ಹೇಳಿದ್ದು ನಿಜ. ಈಗ ಎಲ್ಲ ಬಿಟ್ಟಿದ್ದೇನೆ."

ಮೈದಾನವೇ ಎದ್ದು ನಿಂತು ಅಲ್ಲೇಲೂಯ ಎಂದಿತು. ನಾನೊಬ್ಬಳೇ ಕೂತಿದ್ದೆ.

ವಾಪಸಾಗುವಾಗ ಲೋಕಲ್‌ನಲ್ಲಿ ನನ್ನ ಬಾಯಿಗೆ ಬೀಗ ಹಾಕಲು ಸಾಧ್ಯವಿರಲಿಲ್ಲ. "ಏನ್ರೀ ಇದು?"

"ಅಷ್ಟು ಜನರ ಮುಂದೆ ಹುಡುಗ ಸುಳ್ಳುಗಾರ ಅನ್ನಿಸಿಕೊಳ್ಳೋದು ಬೇಡ ಅನ್ನಿಸ್ತು ಕಣೇ."

"ನಾನು ಒದೆ ತಿನ್ನೋಳು ಅನ್ನಿಸಿಕೊಂಡ್ರೆ ಪರವಾಗಿಲ್ವೇನು?"

"ನಿನ್ನ ವಿಷಯ ನನಗೆ ಹೊಳೀಲೇ ಇಲ್ಲ, ರಮಾ," ಎಂದರು. ಮಗ ಹೇಳಿದ ಸುಳ್ಳಿಗಿಂತ ಈ ನಿಜ ನನ್ನನ್ನು ಹೆಚ್ಚು ಸುಟ್ಟಿತು.

ಮಾರನೇ ದಿನ ಜಯಸಿಂಹನನ್ನು ನಿಲ್ಲಿಸಿ ಕೇಳಿದೆ. ಅವನು ತಲೆ ಬಗ್ಗಿಸಿಕೊಂಡೇ ಹೇಳಿದ: "ಎಲ್ಲಾರ್ದೂ ಒಂದೊಂದು ಸ್ಟೋರಿ ಇದೆ ಅಮ್ಮ. ಸಾಕ್ಷಿ ಇಲ್ದೇ ಸ್ಟೇಜ್ ಮೇಲೆ ಇರೋಕಾಗಲ್ಲ, ಬೇರೆ ಡ್ರಮ್ಮರ್ ತಗೋತೀವಿ ಅಂದ್ರು ಕೂಟದವರು. ಅಪ್ನೇ ಘರ್ ಮೇ ಕುಛ್ ಹುವಾ ಹೀ ನಹೀ. ನಾನು ಏನು ಹೇಳ್ಲಿ?"

"ಏನೂ ಆಗಿಲ್ಲ ಅಂತ್ಲೇ ಹೇಳು. ನಮ್ಮಪ್ಪ ಅಮ್ಮ ಚೆನ್ನಾಗಿದಾರೆ ಅಂತ ಹೇಳು."

"ಅದಕ್ಕೆ ಯಾರು ಅಳ್ತಾರೆ ಅಮ್ಮ?"

ನಮ್ಮ ಹಾಡುಗಳ ಕ್ಯಾಸೆಟ್ ಒಂದು ಹೊರಗೆ ಬರಲಿ, ಆಮೇಲೆ ನಾನೇ ಎಲ್ಲರಿಗೂ ನಿಜ ಹೇಳುತ್ತೇನೆ ಎಂದು ನನ್ನ ಕೈ ಮುಟ್ಟಿ ಮಾತು ಕೊಟ್ಟ. ಹೆತ್ತ ಕರುಳು, ನಂಬಿದೆ.

ಕ್ಯಾಸೆಟ್ಟು ಬಂತು. ತಂದದ್ದು ಮಗನಲ್ಲ, ನಮ್ಮ ಸೊಸೈಟಿಯ ರಾಜೀವಿ. ಅವಳ ಗಂಡ ಕಾಂತಪ್ಪನವರದು ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಗಿರಾಕಿಯೊಬ್ಬ ಅಲ್ಲಿ ಕೊಟ್ಟು ಹೋದನಂತೆ. ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಟೇಪ್ ರೆಕಾರ್ಡರಿಗೆ ಹಾಕಿದಳು. ಎರಡು ಹಾಡುಗಳ ನಡುವೆ, ಆವತ್ತು ಮೈದಾನದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ನನ್ನ ಗಂಡನ ದನಿ. ನನ್ನ ಮಗ ಹೇಳಿದ್ದು ನಿಜ. ಹಿಂದೆಯೇ ಜನರ ಅಲ್ಲೇಲೂಯ. ರಾಜೀವಿ ನನ್ನ ತೋಳನ್ನು ಹಿಡಿದು, ಗಾಯ ಹುಡುಕುವವಳಂತೆ ತಿರುಗಿಸಿ ನೋಡಿದಳು.

"ಎಂತ ರಮಾಮಣಿಯಕ್ಕ, ಇಷ್ಟು ವರ್ಷ ನಮ್ಮಲ್ಲಿ ಒಂದು ಮಾತು ಹೇಳ್ಬಾರ್ದಿತ್ತಾ? ನೋಡಿದ್ರೆ ದೇವರಂಥಾ ಮನುಷ್ಯ ಮಾರಾಯ್ತಿ."

ಅವಳ ಕೈ ಕೊಡವಿಕೊಂಡು ಎದ್ದು ಬಂದೆ. ಸಾಂತಾಕ್ರೂಜಿನ ಕನ್ನಡಿಗರ ಮನೆಮನೆಯಲ್ಲೂ ನಾನು ಒದೆ ತಿಂದು ನಗುವ ಹೆಂಗಸಾಗಿದ್ದೆ. ರಾಮನವಮಿ ಸಂಗೀತಕ್ಕೆ ಇಪ್ಪತ್ತು ವರ್ಷದಿಂದ ಓಡಾಡಿದ ನಮ್ಮವರನ್ನು ಆ ಸಲ ಯಾರೂ ಕರೆಯಲಿಲ್ಲ. ನಾನು ತೀರ್ಮಾನ ಮಾಡಿಬಿಟ್ಟೆ: ಮೈಕಿನಲ್ಲಿ ಹೋದ ಮಾನ ಮೈಕಿನಲ್ಲೇ ಬರಬೇಕು.

ಕ್ಯಾಸೆಟ್ಟಿನ ಸಂಭ್ರಮಕ್ಕೆಂದು ನಮ್ಮ ಸಾಂತಾಕ್ರೂಜಿನ ಹಾಲ್‌ನಲ್ಲೇ ಕಾರ್ಯಕ್ರಮ ಇಟ್ಟಿದ್ದರು. ನಾನೂ ನಮ್ಮವರೂ ಹೋದೆವು. ಬಂದ ಬಂದವರೆಲ್ಲ ನಮ್ಮವರ ಕೈ ಕುಲುಕಿ ಬ್ರದರ್ ಎಂದರು. ಎರಡು ಹಾಡಾಯಿತು. ಯಾರೂ ಕರೆಯುವ ಮೊದಲೇ ನಾನು ವೇದಿಕೆ ಹತ್ತಿ ಮೈಕಿಗೆ ಕೈ ಹಾಕಿದೆ. ಗ್ಲಾಡ್ವಿನ್ ಖುಷಿಯಾಗಿ ಪಕ್ಕಕ್ಕೆ ಸರಿದ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಅದನ್ನೇ ಇಂಗ್ಲಿಷಲ್ಲಿ ಇವರಿಗೆ ಹೇಳಪ್ಪ," ಎಂದೆ.

"ನನ್ನ ಗಂಡ ಒಂದು ತೊಟ್ಟು ಕುಡಿದವರಲ್ಲ. ನನ್ನ ಮೈ ಮೇಲೆ ಒಂದು ದಿನವೂ ಕೈ ಮಾಡಿಲ್ಲ. ನನ್ನ ಮಗ ಹೇಳಿದ್ದು ಸುಳ್ಳು."

ಗ್ಲಾಡ್ವಿನ್ ಒಂದು ಗಳಿಗೆ ತಡೆದ. ಆದರೆ ಒಳ್ಳೆಯ ಹುಡುಗ, ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಪಕ್ಕದವಳೂ. ಪಾಪ, ಇನ್ನೂ ಹೆದರುತ್ತಾಳೆ, ಇನ್ನೂ ಗಂಡನನ್ನು ಕಾಪಾಡುತ್ತಾಳೆ ಎಂದು ಯಾರೋ ಜೋರಾಗಿಯೇ ಅಂದರು. ನಾಲ್ಕೈದು ಹೆಂಗಸರು ಮೇಲೆ ಬಂದು ನನ್ನನ್ನು ತಬ್ಬಿಕೊಂಡರು. ಇಲ್ಲ ಕಣ್ರೀ, ನಿಜವಾಗಲೂ ಇಲ್ಲ ಎಂದು ನಾನು ಕೊಸರಾಡಿದಷ್ಟೂ ಅವರು ಹೆಚ್ಚು ಅತ್ತರು. ಗ್ಲಾಡ್ವಿನ್ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸತೊಡಗಿದ. ನನಗೆ ಸಿಟ್ಟಿಗೆ ಅಳು ಬಂತು. ಅಳು ಕಂಡ ಮೇಲಂತೂ ಕೇಳಲೇಬೇಡಿ.

ಅಲ್ಲಿದ್ದವರಲ್ಲಿ ನನ್ನ ಮಾತು ನಿಜವೆಂದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ನಮ್ಮವರು ಆಗಲೇ ಸುಳ್ಳು ಹೇಳಿ ಮುಗಿಸಿದ್ದರು. ನಾನು ಡ್ರಮ್ಮಿನ ಕಡೆ ತಿರುಗಿದೆ.

"ಹೇಳೋ ಜಯ," ಎಂದೆ.

ಅವನು ನನ್ನನ್ನು ನೋಡಿದ. ಅಳುತ್ತಿದ್ದ ಆ ಜನರನ್ನು ನೋಡಿದ. ಆಮೇಲೆ ಎರಡು ಕೋಲು ಎತ್ತಿ, ಒಂದಕ್ಕೊಂದು ತಟ್ಟಿ, ಮುಂದಿನ ಹಾಡಿಗೆ ತಾಳ ಶುರುಮಾಡಿಬಿಟ್ಟ.

ನಾನು ಆ ಹೆಂಗಸರನ್ನೆಲ್ಲ ತಳ್ಳಿಕೊಂಡು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಡ್ರಮ್ಮಿಗೆ ಇಟ್ಟಿದ್ದ ಮೈಕುಗಳು ಆ ಏಟನ್ನು ಹಾಲ್‌ನ ಮೂಲೆಮೂಲೆಗೂ ಕೇಳಿಸಿದವು. ಕೋಲು ಕೆಳಗೆ ಬಿತ್ತು. ಹುಡುಗ ಕೆನ್ನೆ ಹಿಡಿದುಕೊಂಡು, ಬಾಯಿ ತೆರೆದು, ನಾನು ಯಾರೋ ಎಂಬ ಹಾಗೆ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ತಿಂದ ಮೊದಲ ಏಟು ಅದು.

"ಸಾರಿ ಅಮ್ಮಾ," ಎಂದ. ಎದುರಿಗಿದ್ದ ಮೈಕಿಗೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳಿದ: "ಅಮ್ಮ ಹೇಳಿದ್ದೇ ನಿಜ. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಯಾರಿಗೂ ಹೊಡೆದಿಲ್ಲ."

ಈ ಸಲ ಯಾರೂ ಅಲ್ಲೇಲೂಯ ಎನ್ನಲಿಲ್ಲ. ಗ್ಲಾಡ್ವಿನ್ ಮೈಕನ್ನು ನೆಲದ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಟುಹೋದ. ರೆಡ್ ಸೀ ಲೋಕಲ್ ಆಮೇಲೆ ಎಲ್ಲಿಯೂ ಬಾರಿಸಲಿಲ್ಲ. ನಮ್ಮವರು ಮೆಲ್ಲಗೆ ಮೇಲೆ ಬಂದು ಮಗನ ಕೆನ್ನೆ ಮುಟ್ಟಿ ನೋಡಿದರು, ಆಮೇಲೆ ನನ್ನ ಬಲಗೈಯನ್ನು ನೋಡಿದರು. ನಾನೂ ನೋಡಿಕೊಂಡೆ. ಅಂಗೈ ಕೆಂಪಾಗಿ ಉರಿಯುತ್ತಿತ್ತು.