ಲ್ಯಾಬಿನ ಮಂಚ

ಸ್ನೇಹಲತಾ ಅಷ್ಟು ಒಳ್ಳೆಯ ನಟಿ ಎಂದು ನಮ್ಮ ಕ್ಲಾಸಿನ ಹುಡುಗಿಯರು ಅಂದೇ ಕಂಡುಹಿಡಿದರಂತೆ. ಕಂಡುಹಿಡಿದರು, ಅವರ ತಲೆ!

ಕೊರಟಗೆರೆಯ ನಮ್ಮ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅಂದು ಖಿನ್ನತೆಯ ರೋಗಿಯನ್ನು ಮಾತನಾಡಿಸುವ ಅಭ್ಯಾಸವಿತ್ತು. ಒಬ್ಬಳು ನರ್ಸ್, ಒಬ್ಬಳು ರೋಗಿ, ಆಮೇಲೆ ಅದಲುಬದಲು. ನಾನು ನರ್ಸ್. ಮಂಚದ ಮೇಲೆ ಮಲಗಿದ್ದವಳು ನನ್ನ ರೂಮಿನವಳೇ ಆದ ಸ್ನೇಹಲತಾ, ಚನ್ನರಾಯನದುರ್ಗದ ಕಡೆ ಕುರಿ ಸಾಕುವವರ ಮನೆಯ ಹುಡುಗಿ.

"ಹೆಂಗಿದ್ದೀರಮ್ಮ?" ಎಂದೆ.

"ಯಾಕಾದ್ರೂ ಬೆಳಕಾಯ್ತದೋ ಅನ್ನುಸ್ತದೆ. ಅನ್ನ ಗಂಟಲಲ್ಲಿ ಇಳಿಯಾಕಿಲ್ಲ. ಡ್ರಿಪ್ ಹಾಕಕ್ಕೋಗಿ ಆ ತಾತನ ಕೈ ಊದಿಸ್ಬುಟ್ಟೆ. ನನ್ನಂಥೋಳು ಯಾಕೆ ಬೇಕು ಈ ಕೆಲ್ಸಕ್ಕೆ? ಬುಟ್ಟು ಊರಿಗೋಯ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹರ್ಷಿತಾ ಅಂತೂ ಸೀಟಿ ಹೊಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ತಾತ ನಾವಿಬ್ಬರೂ ಡ್ಯೂಟಿ ಮಾಡುವ ವಾರ್ಡಿನವರೇ. ಬೆಳಿಗ್ಗೆ ಇವಳು ಬ್ಯಾಗು ತುಂಬುತ್ತಿದ್ದಾಗ ಕೇಳಿದ್ದಕ್ಕೆ, "ಬಟ್ಟೆ ಒಗ್ಯಕ್ಕೆ ಊರಿಗೆ ಒಯ್ತಿದ್ದೀನಿ ಕಣೇ" ಎಂದಿದ್ದಳು. ಬಟ್ಟೆಯ ಜೊತೆ ಪುಸ್ತಕವನ್ನೂ ಒಗೆಯುತ್ತಾರೇನು?

"ಈಗ ಅದಲುಬದಲು" ಎಂದರು ಕಮಲಾಕ್ಷಮ್ಮ ಮೇಡಂ.

ಮಂಚ ಹತ್ತಿದೆ. ನಾನು ಬೇರೆ ಕಥೆ ಕಟ್ಟಬೇಕಿತ್ತು, ಕಟ್ಟಲಿಲ್ಲ. ಗಂಟಲಲ್ಲಿ ಇಳಿಯದ ಅನ್ನ, ತಾತನ ಕೈ, ಊರಿಗೆ ಹೋಗುವುದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಅವಳಿಗೇ ಒಪ್ಪಿಸಿದೆ.

"ಮೇಡಂ, ಲೋಹಿತಾ ಕಾಪಿ ಹೊಡಿತಾವ್ಳೆ!" ಎಂದಳು ಹರ್ಷಿತಾ. ಮೇಡಂ ಅವಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು.

ಸ್ನೇಹಲತಾ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆದರೆ ಮಂಚದ ಮೇಲೆ ಯಾರೇ ಮಲಗಿರಲಿ, ಅವಳ ಕೈ ಸುಮ್ಮನಿರುವುದಿಲ್ಲ. ಸ್ಟೂಲು ಎಳೆದುಕೊಂಡು ಕೂತು ನನ್ನ ಅಂಗೈ ಹಿಡಿದಳು.

"ಅಳಬ್ಯಾಡ ಕಣಮ್ಮ. ಸೂಜಿ ಮೊದಲ್ನೇ ಸಲಕ್ಕೇ ಯಾರ್ಗೂ ಒಲಿಯಾಕಿಲ್ಲ. ತಾತನ ಊತ ಇಳೀತಲ್ಲ, ಬೈದ್ರಾ ಅವ್ರು? ನೀನು ಸುಸ್ತಾಗಿದ್ದೀಯ ಅಷ್ಟೇ. ಮೊದ್ಲು ಒಂದು ತುತ್ತು ಉಣ್ಣು, ಕಣ್ತುಂಬ ನಿದ್ದೆ ಮಾಡು..."

ಇನ್ನು ತಡೆಯಲಾಗಲಿಲ್ಲ. ಧಡಕ್ಕನೆ ಎದ್ದು ಕೂತೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದಂಗಾಯ್ತು ನಿನ್ನ ಕತೆ! ಇದೇ ಮಾತ ನಿಂಗೆ ನೀನು ಹೇಳ್ಕೊಂಡ್ರೆ ಬಾಯಿ ಸವೆದೋಯ್ತದೇನೇ?"

ಹರ್ಷಿತಾಳ ಮುಖ ಸಣ್ಣದಾಯಿತು. ಮೇಡಂ ಬಂದು ಸ್ನೇಹಲತಾಳ ಬೆನ್ನ ಮೇಲೆ ಕೈಯಿಟ್ಟು, "ಈ ವಾರ ನಿಂಗೆ ಡ್ಯೂಟಿ ಬೇಡಮ್ಮ. ನಾಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ, ಬರ್ತೀಯಾ?" ಎಂದು ಕೇಳಿದರು.

ಸ್ನೇಹಲತಾ ಹೂಂ ಎಂದು ತಲೆಯಾಡಿಸಿದಳು. ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಏಳೇ ಲೋಹಿತಾ, ಮಂಚ ಬುಡು. ನಂಗೆ ಹುಷಾರಿಲ್ಲ."

ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಿಗಿದು ಕೆಳಗಿಳಿದೆ. ಹರ್ಷಿತಾ ಹೊದಿಕೆ ಹೊದಿಸಿದಳು. ಉಳಿದ ಪಾಠವನ್ನು ಮೇಡಂ ವರಾಂಡದಲ್ಲಿ ಪಿಸುಮಾತಿನಲ್ಲೇ ಮುಗಿಸಿದರು. ಒಳಗೆ ಅವಳು ಗೊರಕೆ ಹೊಡೆಯುತ್ತಿದ್ದಳು.