ಕೃತ್ತಿಕೆಯ ಬದಿಯ ಮಸುಕು

ಸೊಲ್ಲಾಪುರದ ಚಾದರದ ವ್ಯಾಪಾರಿ ಲಕ್ಷ್ಮೀಕಾಂತನಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚು. ಮೂರು ಚಳಿಗಾಲ ಅಕ್ಕಲಕೋಟೆಯ ಆಚೆ ಮಾವನ ಹೊಲದಲ್ಲಿ ಕ್ಯಾಮರಾ ಹೂಡಿ, ಕೃತ್ತಿಕೆ ನಕ್ಷತ್ರಗಳ ಗೊಂಚಲೊಂದನ್ನೇ ಹಿಡಿದಿದ್ದ. ಗೊಂಚಲಿನ ಬದಿಗೆ ಬಾಹ್ಯಾಕಾಶದ ಧೂಳಿನ ತೆಳು ಮೋಡವೊಂದು ತನಗೆ ಸಿಕ್ಕಿದೆಯೆಂದು ಅವನ ನಂಬಿಕೆ. ಅದನ್ನು ನಾಲ್ಕು ಜನರಿಗೆ ತೋರಿಸುವ ಮೊದಲೇ ಕಣ್ಣು ಕೈಕೊಟ್ಟವು. ಕಣ್ಣಿನ ಪರದೆ ಸವೆಯುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು.

ಹೀಗಾಗಿ ಅಂಗಡಿಯ ವಾರದ ರಜೆಯ ದಿನ ಮಧ್ಯಾಹ್ನ ಹೆಂಡತಿ ಛಾಯಾ ಕಂಪ್ಯೂಟರ್ ಮುಂದೆ ಕುಳಿತಳು. ಫೋಟೋದ ಒಂದು ಮೂಲೆಯಿಂದ ಊರ ದೀಪಗಳ ಕಂದು ಬೆಳಕು ಹರಡಿತ್ತು. ಬರಿ ಆಕಾಶವಿರುವಲ್ಲಿ ಚುಕ್ಕಿ ಇಡುತ್ತ ಹೋದರೆ ಸಾಫ್ಟ್‌ವೇರ್ ಆ ಬೆಳಕನ್ನು ಅಳೆದು ತೆಗೆದುಹಾಕುತ್ತದೆ. ಚುಕ್ಕಿ ಮೋಡದ ಮೇಲೆ ಬಿದ್ದರೆ ಮೋಡವೂ ಹೋಗುತ್ತದೆ.

"ಇಲ್ಲಿ ಇಡ್ಲೇನ್ರಿ? ಇದು ಬರೇ ಆಕಾಶೋ, ಮೋಡೋ?"

"ನನಗ ಎಲ್ಲಾ ಒಂದೇ ಕಾಣಸ್ತದ. ನೀನೇ ನೋಡು."

ಕಡಿಮೆ ಇಟ್ಟರೆ ಕಂದು ಉಳಿಯಿತು, ಹೆಚ್ಚು ಇಟ್ಟರೆ ಎಲ್ಲವೂ ಅಳಿಸಿಹೋಯಿತು. ನಾಲ್ಕು ವಾರ ಇದೇ ಆಯಿತು. ಐದನೆಯ ವಾರ ಛಾಯಾ ಪ್ರತಿ ಚಳಿಗಾಲದ ಒಂದೊಂದು ರಾತ್ರಿಯ ಫೋಟೋಗಳನ್ನು ನಕ್ಷತ್ರದ ಮೇಲೆ ನಕ್ಷತ್ರ ಕೂಡುವಂತೆ ಜೋಡಿಸಿ, ಒಂದೊಂದಾಗಿ ತಿರುವಿ ನೋಡಿದಳು. ನಕ್ಷತ್ರಗಳು ಅಲುಗಲಿಲ್ಲ. ಮೋಡ ಮಾತ್ರ ತಾಸಿಗೊಂದು ಕಡೆ ಸರಿಯುತ್ತಿತ್ತು.

ಮೌಸಿನ ಸದ್ದು ನಿಂತದ್ದು ಅವನಿಗೆ ತಿಳಿಯಿತು. "ಏನಾತು? ಖರೇ ಹೇಳು."

"ಮೋಡ ನಕ್ಷತ್ರದ ಸಂಗಾಟ ನಿಂದರವಲ್ದುರಿ. ನಕ್ಷತ್ರ ತಿರಗಿದ್ರೂ ಇದು ಊರಿನ ದಿಕ್ಕಿಗೇ ಉಳೀತದ. ಊರಿನ ಬೆಳಕೇ ಅದು."

"ಮೂರೂ ವರ್ಷದ್ದು?"

"ಮೂರೂ."

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಈ ಸಲ ನಾ ತಗೀತೀನ್ರಿ," ಎಂದಳು ಛಾಯಾ. "ಇನ್ನೂ ಆಚೀಗಿ ಹೋಗೂಣು."

"ರೋಡಿನುದ್ದಕ್ಕ ದೀಪ ಬಂದಾವ. ಕತ್ತಲಿ ಎಲ್ಲಿ ಉಳದದ? ತಗದರ ನೋಡವ್ರರೇ ಯಾರು?" ಆಮೇಲೆ ಮೆಲ್ಲಗೆ ಅಂದ, "ಆ ಬೆಳಕೆಲ್ಲಾ ತಗದುಬಿಡು. ಏನು ಉಳೀತದೋ ನೋಡೂಣು."

ಅವಳು ಚಿತ್ರದ ತುಂಬ ಚುಕ್ಕಿ ಇಟ್ಟಳು. ಕಂದು ಹೋಯಿತು, ಮಸುಕು ಹೋಯಿತು. ಕಪ್ಪಿನಲ್ಲಿ ಕೃತ್ತಿಕೆ ಚೊಕ್ಕಟವಾಗಿ ನಿಂತಿತು. ಲಕ್ಷ್ಮೀಕಾಂತ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿದ.

"ಕಂಡುವೇನ್ರಿ?"

"ತಡಿ, ಎಣಸ್ತೀನಿ." ಬೆರಳಿಟ್ಟು ಒಂದು, ಎರಡು, ಮೂರು ಎಂದ. ನಾಲ್ಕಕ್ಕೆ ನಿಂತ.

ಬೆರಳಿದ್ದದ್ದು ನಕ್ಷತ್ರಗಳಿಂದ ಗೇಣು ದೂರ, ಖಾಲಿ ಕಪ್ಪಿನ ಮೇಲೆ. ಛಾಯಾ ಅದನ್ನು ಅವನಿಗೆ ಹೇಳಲಿಲ್ಲ.