ಸೀಮಾ ಇಳಿಸಿದ ದನಿ

ಸತ್ತಿ ಊರಿನ ಕಸ್ತೂರೆವ್ವನಿಗೆ ಕಿವಿ ಮಂದವಾಗಿದೆ ಎಂದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಕಬ್ಬಿನ ಹೊಲದಾಚೆ ಟ್ರ್ಯಾಕ್ಟರ್ ಬಂದರೆ ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ಆದರೆ ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದರೂ ಕೂತಲ್ಲೇ ಕೂತಿರುತ್ತಿದ್ದಳು.

"ಬೇಕಾದ್ದಷ್ಟ ಕೇಳ್ತೈತಿ ನಿನಗ!" ಎಂದು ಗಂಡ ಲಗಮಣ್ಣ ರೇಗುತ್ತಿದ್ದ. ಅವನದು ಮೊದಲೇ ಕೀರಲು ದನಿ. ಸಿಟ್ಟು ಬಂದಷ್ಟೂ ಮೇಲೇರುತ್ತಿತ್ತು. ಆಗ ಕಸ್ತೂರೆವ್ವನಿಗೆ ಅವನ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಎಲ್ಲಿ ತಪ್ಪು ಉತ್ತರ ಕೊಡುವೆನೋ ಎಂದು ಅಂಜಿ ಅವಳು ಮಾತನ್ನೇ ಕಡಿಮೆ ಮಾಡಿದ್ದಳು.

ನಿಪ್ಪಾಣಿಯಿಂದ ಸೊಸೆಯಾಗಿ ಬಂದ ಸೀಮಾ ಇದನ್ನೆಲ್ಲ ಗಮನಿಸುತ್ತಲೇ ಇದ್ದಳು. ಒಂದು ಮಧ್ಯಾಹ್ನ ಮಾವನ ಭಜನೆಯ ಹಾರ್ಮೋನಿಯಂ ಪೇಟಿಯನ್ನು ಪಡಸಾಲೆಗೆ ತಂದಳು. ಸ್ವರ ಕೇಳಿದಾಗೆಲ್ಲ ಕೈ ಎತ್ತಬೇಕೆಂದು ಅತ್ತೆಗೆ ಸನ್ನೆ ಮಾಡಿ, ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದಳು.

ಪೇಟಿಯ ಎಡತುದಿಯಿಂದ ಒಂದೊಂದೇ ಸ್ವರವನ್ನು ಮೆಲ್ಲಗೆ ನುಡಿಸುತ್ತ ಹೋದಳು. ಕಸ್ತೂರೆವ್ವನ ಕೈ ಏಳುತ್ತಲೇ ಇತ್ತು. ಬಲತುದಿ ಹತ್ತಿರವಾದಂತೆ ಅದು ತೊಡೆಯ ಮೇಲೇ ಉಳಿಯಿತು.

"ಯಾಕ ನಿಲ್ಲಿಸಿದಿ? ಬಾರಸ ಮತ್ತ," ಎಂದಳು ಕಸ್ತೂರೆವ್ವ.

ಸೀಮಾ ನಿಲ್ಲಿಸಿರಲಿಲ್ಲ. ಬಾಗಿಲಲ್ಲಿದ್ದ ಲಗಮಣ್ಣನಿಗೆ ಸ್ವರ ಕೇಳುತ್ತಲೇ ಇತ್ತು. ಅವನ ಮುಖ ಇಳಿದುಹೋಯಿತು.

ಸೀಮಾ ಪೇಟಿಯ ಮುಚ್ಚಳ ತೆಗೆದು ಒಳಗಿನ ಹಿತ್ತಾಳೆಯ ಪಟ್ಟಿಗಳನ್ನು ತೋರಿಸಿದಳು. ದನಿಯನ್ನು ಎದೆಯಾಳಕ್ಕೆ ಇಳಿಸಿ, ತಡೆತಡೆದು ಹೇಳಿದಳು: "ಎಡಗಡೆ ಪಟ್ಟಿ ಉದ್ದ ಅದಾವ್ರಿ ಅತ್ತಿ. ಸಾವಕಾಶ ನಡಗತಾವ, ಅದಕ್ಕ ದನಿ ದಪ್ಪ. ಬಲಗಡೆವು ಗಿಡ್ಡ, ಭಾಳ ಲಗೂ ಲಗೂ ನಡಗತಾವ, ದನಿ ಸಣ್ಣ ಆಗತೈತಿ. ಆ ಲಗೂ ನಡಗೂದು ನಿಮ್ಮ ಕಿವಿಗಿ ಸಿಗವಲ್ದು. ಮಾವಾರು ಒದರಿದಷ್ಟೂ ದನಿ ಈ ಬಲಗಡೆ ಪಟ್ಟಿ ಹಂಗ ಸಣ್ಣ ಆಗತೈತಿ."

ಕಸ್ತೂರೆವ್ವನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಸೀಮಾ ಮದುವೆಯಾಗಿ ಬಂದಾಗಿನಿಂದ ಅವಳ ಒಂದು ಮಾತೂ ಅತ್ತೆಗೆ ಪೂರ್ತಿ ಕೇಳಿಸಿರಲಿಲ್ಲ. ಕಣ್ಣು ತುಂಬಿಕೊಂಡು, "ನಾ ನಾಟಕ ಮಾಡತಿದ್ದಿಲ್ಲವ್ವ," ಎಂದಳು.

"ಗೊತ್ತೈತ್ರಿ."

ಚಿಕ್ಕೋಡಿಯ ಕಿವಿ ಡಾಕ್ಟರರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಕಿವಿಗೆ ಮಷಿನ್ ಬರೆದುಕೊಟ್ಟರು. ಅದು ಬರುವವರೆಗೆ ಲಗಮಣ್ಣ ಸೊಸೆಯ ಹತ್ತಿರ ಪಾಠಕ್ಕೆ ಕೂತ. ದನಿ ಇಳಿಸಿ, ಕಾಳು ತುಂಬಿಡುವ ನೆಲದಡಿಯ ಹಗೇವಿನೊಳಗಿಂದ ಮಾತಾಡಿದಂತೆ, "ಕಸ್ತೂರಿ, ಚಾ ಕುಡೀತಿಯೇನ?" ಎಂದು ಕೇಳಿದ.

ಕಸ್ತೂರೆವ್ವ ನಕ್ಕಳು. "ಕುಡೀತೀನಿ. ಸೀಮಾಗೂ ಕೊಡ್ರಿ. ಆಕಿ ಏನೇನ ಓದ್ಯಾಳ, ಯಾರ ಕಲಿಸ್ಯಾರ, ಎಲ್ಲಾ ಕೇಳೂದೈತಿ ನನಗ."